ಚಿಪ್ಪಿನ ಇದ್ದಿಲು ಹಿಡಿದಿಟ್ಟ ವಿಷ

ತಿಪಟೂರು ಸೀಮೆಯಲ್ಲಿ ಹತ್ತಿರ ಹತ್ತಿರ ಒಂದು ವರ್ಷ ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಒಡೆದರೆ ಉಂಡೆ ಕೊಬ್ಬರಿ ಮಾರುಕಟ್ಟೆಗೆ ಹೋಗುತ್ತದೆ, ಚಿಪ್ಪು ಉಳಿಯುತ್ತದೆ. ಆ ಚಿಪ್ಪನ್ನು ಗಾಳಿಯಾಡದಂತೆ ಸುಟ್ಟು ಇದ್ದಿಲು ಮಾಡಿ, 900 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹಬೆ ಹಾಯಿಸಿದರೆ ಇಂಗಾಲದ ಒಂದು ಪಾಲು ಅನಿಲವಾಗಿ ಹೊರಟುಹೋಗುತ್ತದೆ. ಉಳಿದದ್ದರ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು. ಒಂದೇ ಗ್ರಾಂ ಪುಡಿಯ ಒಳಮೈಯನ್ನು ಹರವಿದರೆ ಸುಮಾರು 1000 ಚದರ ಮೀಟರ್, ಅಂದರೆ ಹತ್ತು ಗುಂಟೆ ಜಮೀನು! ನೀರಿನ ವಾಸನೆ, ಬಣ್ಣ, ಹಲವು ಕೀಟನಾಶಕಗಳು ಈ ರಂಧ್ರಗಳ ಗೋಡೆಗಳಿಗೆ ಅಂಟಿಕೊಳ್ಳುತ್ತವೆ.

ಅಡಿಕೆ ಸಿಪ್ಪೆ, ಕಡಲೆಕಾಯಿ ಸಿಪ್ಪೆ, ಕಬ್ಬಿನ ಸಿಪ್ಪೆ ಹೀಗೆ ನಮ್ಮ ಕಾಲೇಜುಗಳ ಪ್ರಯೋಗಾಲಯಗಳು ನೀರು ಶುದ್ಧಿಗಾಗಿ ಪರೀಕ್ಷಿಸದ ಕೃಷಿ ತ್ಯಾಜ್ಯವೇ ಇಲ್ಲವೇನೋ. ಸಾಮಾನ್ಯವಾಗಿ ಮೊದಲ ಪರೀಕ್ಷೆ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ್ದು. ಶೀಷೆಗೆ ಪುಡಿ ಹಾಕಿ ಕುಲುಕಿ ಸೋಸಿದರೆ ನೀಲಿ ನೀರು ತಿಳಿಯಾಗುತ್ತದೆ. ನೋಡಲು ಸೊಗಸು. ಆದರೆ ಆ ಬಣ್ಣದ ಕಣಕ್ಕೆ ಧನ ವಿದ್ಯುದಂಶ, ಹೆಚ್ಚಿನ ಸಸ್ಯಪುಡಿಗಳ ಮೈಗೆ ಋಣ ವಿದ್ಯುದಂಶ; ಅಂಟಿಕೊಳ್ಳದಿದ್ದರೇ ಆಶ್ಚರ್ಯ. ಪಾವಗಡದ ಕೊಳವೆಬಾವಿ ನೀರಿನಲ್ಲಿರುವ ಫ್ಲೋರೈಡ್ ಆದರೋ ಋಣ ಅಯಾನು. ಬರೀ ಚಿಪ್ಪಿನ ಇದ್ದಿಲಿಗೆ ಅದು ಅಷ್ಟು ಸುಲಭವಾಗಿ ಸಿಗದು. ಅಲ್ಯೂಮಿನಿಯಂನಂಥ ಲೋಹದ ಲೇಪನ ಬೇಕಾಗುತ್ತದೆ. ಆದ್ದರಿಂದ ನೀಲಿ ಬಣ್ಣ ಹೋಯಿತೆಂದ ಮಾತ್ರಕ್ಕೆ ಕುಡಿಯುವ ನೀರಿನ ಸಮಸ್ಯೆ ಬಗೆಹರಿಯಿತು ಎಂದು ಬರೆಯುವುದನ್ನು ನಾನು ಒಪ್ಪಲಾರೆ.

ಇದ್ದಿಲು ವಿಷವನ್ನು ಕೊಲ್ಲುವುದಿಲ್ಲ, ಹಿಡಿದಿಟ್ಟುಕೊಳ್ಳುತ್ತದೆ, ಅಷ್ಟೆ. ರಂಧ್ರಗಳು ತುಂಬಿದ ಮೇಲೆ ನೀರು ಬಂದ ಹಾಗೆಯೇ ಹೊರಗೆ ಹೋಗುತ್ತದೆ, ಕುಡಿಯುವವರಿಗೆ ಗೊತ್ತಾಗುವುದೇ ಇಲ್ಲ. 2009ರಲ್ಲಿ ಬಂದ ಟಾಟಾ ಸ್ವಚ್ಛ್ ಫಿಲ್ಟರಿನಲ್ಲಿ ಭತ್ತದ ಹೊಟ್ಟಿನ ಬೂದಿಯ ಜೊತೆ ಬೆಳ್ಳಿಯ ನ್ಯಾನೊ ಕಣಗಳಿದ್ದವು. ಸುಮಾರು 3000 ಲೀಟರ್ ಸೋಸಿ ಆಯಸ್ಸು ಮುಗಿದಾಗ ಅದು ನೀರಿನ ಹರಿವನ್ನೇ ನಿಲ್ಲಿಸುತ್ತಿತ್ತು. ಆ ಏರ್ಪಾಟು ನನಗೆ ಬೂದಿಗಿಂತ ದೊಡ್ಡದಾಗಿ ಕಾಣುತ್ತದೆ.

ತಯಾರಿಕೆಯಲ್ಲೂ ಎಚ್ಚರ ಬೇಕು. ಚಿಪ್ಪನ್ನು ಬಯಲಿನ ಗುಂಡಿಯಲ್ಲಿ ಸುಟ್ಟು ನೀರು ಸುರಿದು ಆರಿಸಿದರೆ, ಫೀನಾಲ್ ಬೆರೆತ ಆ ಕಪ್ಪು ನೀರು ಇಂಗಿ ಅಕ್ಕಪಕ್ಕದ ಬಾವಿಗಳನ್ನೇ ಕೆಡಿಸಬಲ್ಲದು. ಮುಚ್ಚಿದ ಕುಲುಮೆ, ಹೊಗೆಯನ್ನು ಮತ್ತೆ ಉರಿಸುವ ವ್ಯವಸ್ಥೆ ಇದ್ದರೆ ಮಾತು ಬೇರೆ.

ನಮ್ಮ ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಮರಳಿನ ಸಿಲಿಂಡರಿನ ಪಕ್ಕ ಸಾಮಾನ್ಯವಾಗಿ ಇಂಗಾಲದ ಸಿಲಿಂಡರೂ ಇರುತ್ತದೆ. ಅದನ್ನು ಕೊನೆಯ ಸಲ ಬದಲಿಸಿದ ದಿನಾಂಕ ಘಟಕದ ಗೋಡೆಯ ಮೇಲಿರಬೇಕು. ತೆಗೆದ ಹಳೆಯ ಇಂಗಾಲವನ್ನು ಯಾರು ಎಲ್ಲಿಗೆ ಒಯ್ಯಬೇಕು, ಮತ್ತೆ ಕುಲುಮೆಗೆ ಹಾಕಿ ಹಸನುಮಾಡುವ ಖರ್ಚು ಯಾರದು ಎಂಬುದು ನಿರ್ವಹಣೆಯ ಗುತ್ತಿಗೆ ಪತ್ರದಲ್ಲೇ ಬರೆದಿರಬೇಕು.