ದೀಪ ಹಾಕಿದ ಮೇಲೆ

ಕಳೆದ ವರ್ಷ ಬಿ.ಎ. ಕೊನೆಯ ಸೆಮಿಸ್ಟರಿನವರಿಗೆ ಎರಡು ಪಿರಿಯಡ್ ಸೇರಿಸಿ ‘ಘಟಶ್ರಾದ್ಧ’ ತೋರಿಸಿದೆ. ಗಿರೀಶ ಕಾಸರವಳ್ಳಿಯವರ 1977ರ ಕಪ್ಪು-ಬಿಳುಪು ಚಿತ್ರ. ಶುರುವಿನಲ್ಲಿ ಹಿಂದಿನ ಬೆಂಚುಗಳ ಮೇಲೆ ಮೊಬೈಲಿನ ಬೆಳಕು ಮಿನುಗುತ್ತಿತ್ತು. ಬದುಕಿರುವ ಮಗಳ ಶ್ರಾದ್ಧವನ್ನು ತಂದೆಯೇ ಮಾಡುವ ಹೊತ್ತಿಗೆ ಒಂದೂ ಇರಲಿಲ್ಲ. ಕೊನೆಗೆ ಆ ಮಗಳು, ತಲೆ ಬೋಳಿಸಿದ ಯಮುನಾ, ಮರದಡಿ ಒಬ್ಬಳೇ ಕೂತಿರುತ್ತಾಳೆ. ಅವಳನ್ನು ಹಚ್ಚಿಕೊಂಡಿದ್ದ ಪುಟ್ಟ ಹುಡುಗ ನಾಣಿ ತನ್ನ ಅಪ್ಪನ ಜೊತೆ ಊರಿಗೆ ಹೊರಟಿರುತ್ತಾನೆ. ಟ್ಯೂಬ್‌ಲೈಟ್ ಹಾಕಿದರೂ ಯಾರೂ ಏಳಲಿಲ್ಲ. ಎಂದೂ ಬಾಯಿ ಬಿಡದ ಹುಡುಗನೊಬ್ಬ ಕೇಳಿದ: “ಸರ್, ನಾಣಿ ಯಾಕೆ ಅವಳ ಹತ್ರ ವಾಪಸ್ ಓಡ್ಲಿಲ್ಲ?”

ಅವನು ನಾಣಿಯೊಬ್ಬನ ಬಗ್ಗೆಯೇ ಕೇಳುತ್ತಿದ್ದಾನೆ ಅಂತ ನನಗನ್ನಿಸಲಿಲ್ಲ. ಸಿನಿಮಾದ ಪರವಾಗಿ ನಾನು ಹೇಳಬಹುದಾದ ದೊಡ್ಡ ಮಾತು ಇದೇ. ತನ್ನ ಸಂಕಟ ಹೇಳಿಕೊಳ್ಳಲು ನಾಚುವವನಿಗೆ ಪಾತ್ರದ ನೆಪ ಸಿಗುತ್ತದೆ. ಅದಕ್ಕೆ ಮೊದಲು ಜನ ಕೂತು ನೋಡಬೇಕಷ್ಟೆ. ಹೆಗ್ಗೋಡೆಂಬ ಹಳ್ಳಿಯಲ್ಲಿ ನೀನಾಸಂ ಚಿತ್ರಸಮಾಜ 1973ರಲ್ಲೇ ಶುರುವಾಯಿತು. ಹಳ್ಳಿಯಲ್ಲಿ ಒಳ್ಳೆಯ ಸಿನಿಮಾಕ್ಕೆ ಜನ ಕೂರುತ್ತಾರೆಯೇ ಎಂಬ ಅನುಮಾನವನ್ನು ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣ ಆಗಲೇ ಬದಿಗಿಟ್ಟಿದ್ದರು. ಕಾಲೇಜಿನಲ್ಲಿ ಕೂತಾರೆಯೇ ಎಂದು ನಾವು ಇನ್ನೂ ಅಳೆಯುತ್ತಿದ್ದೇವೆ.

ಆದರೆ ಆ ಮೌನ ನೋಡಿ ನಾನು ಬೀಗಿದ್ದು ಸ್ವಲ್ಪ ಬೇಗವಾಯಿತು. ಅದೇ ವಾರ ಅದೇ ತರಗತಿ, ಸೆಮಿನಾರಿನಲ್ಲಿ ತೊದಲಿದ ಹುಡುಗಿಯನ್ನು ನಕ್ಕು ಕೂರಿಸಿತು. ಯಮುನಾಗೆ ಮರುಗಿದವರೇ ನಕ್ಕರು. ಭಾವನಾತ್ಮಕ ಬುದ್ಧಿವಂತಿಕೆ ಎಂಬ ಪರಿಕಲ್ಪನೆಯನ್ನು 1990ರಲ್ಲಿ ಮಂಡಿಸಿದ ಪೀಟರ್ ಸಾಲೊವೆ ಮತ್ತು ಜಾನ್ ಮೇಯರ್, ಭಾವನೆಯನ್ನು ಗುರುತಿಸುವುದರ ಜೊತೆಗೆ ಅದನ್ನು ನಿಭಾಯಿಸುವುದನ್ನೂ ಅದರೊಳಗೇ ಸೇರಿಸಿದ್ದರು. ಗುರುತಿಸುವುದನ್ನು ಸಿನಿಮಾ ಕಲಿಸೀತು. ನಿಭಾಯಿಸುವ ಪ್ರಸಂಗವೇ ಕತ್ತಲಲ್ಲಿ ಕೂತವನಿಗೆ ಬರುವುದಿಲ್ಲ. ಯಮುನಾ ತಿರುಗಿ ಮಾತಾಡುವುದಿಲ್ಲವಲ್ಲ. ಗುರುತಿಸುವ ಕೆಲಸವನ್ನೂ ಎಷ್ಟೋ ಚಿತ್ರಗಳು ನಮಗೆ ಬಿಡುವುದಿಲ್ಲ. ಮುಖ ನೋಡಿ ತಿಳಿಯುವ ಮೊದಲೇ ಪಿಟೀಲು ಅಳು ಶುರುಮಾಡಿರುತ್ತದೆ. ಹಾಸ್ಟೆಲಿನ ರೂಮಿನಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ ಗೆಳೆಯನಿಗೆ ಹಿನ್ನೆಲೆ ಸಂಗೀತ ಎಲ್ಲಿಂದ ಬರಬೇಕು?

ಇನ್ನು ಇಂಟರ್ನಲ್ ಮಾರ್ಕ್ಸು. ಅನಿಸಿಕೆ ಬರೆಯಿರಿ, ಐದು ಅಂಕ ಎಂದಿದ್ದೆ. ಹೆಚ್ಚುಕಮ್ಮಿ ಎಲ್ಲರೂ ‘ಮನ ಕಲಕಿತು’ ಎಂದು ಬರೆದರು. ಬೋರಾಯಿತು ಎಂದು ಬರೆದವನೊಬ್ಬನಿಗೆ ಪೂರ್ತಿ ಐದು ಕೊಟ್ಟೆ. ಅವನು ಕಾರಣ ಕೊಟ್ಟಿದ್ದ.

ಈ ಸಲವೂ ತೋರಿಸುತ್ತೇನೆ, ಅಂಕವಿಲ್ಲದೆ. ಬರೀ ಮಾತಿಗೆಂದು ಮೂರನೆಯ ಪಿರಿಯಡ್ ಕೇಳಿದ್ದೇನೆ. ಟೈಮ್‌ಟೇಬಲ್ ಹಾಕುವ ಮೇಷ್ಟ್ರು “ನೋಡೋಣ” ಎಂದಿದ್ದಾರೆ.