ಕೋಲ್ಕತ್ತ ನೆನೆಯುವ ನಮ್ಮ ಚಾಪ್ಮನ್

2020ರ ಅಕ್ಟೋಬರ್ 12ರಂದು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಫುಟ್‌ಬಾಲ್ ಆಟಗಾರ ಕಾರ್ಲ್‌ಟನ್ ಚಾಪ್ಮನ್ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗಿನ್ನೂ 49 ವರ್ಷ. ಕೊರೊನಾ ಕಾಲ, ದುರ್ಗಾಪೂಜೆಗೆ ಹತ್ತೇ ದಿನ ಬಾಕಿ. ಹಬ್ಬದ ಹೊಸ್ತಿಲಲ್ಲಿ ನಿಂತಿದ್ದ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನ ಅಭಿಮಾನಿಗಳು ಆ ದಿನ ಮನೆಮಗನನ್ನೇ ಕಳೆದುಕೊಂಡಂತೆ ದುಃಖಪಟ್ಟರು. ಆದರೆ ಚಾಪ್ಮನ್ ಹುಟ್ಟಿದ ನಮ್ಮೂರಿನಲ್ಲಿ ಆ ಹೆಸರು ಕೇಳಿ 'ಯಾರವರು?' ಅಂದವರೇ ಹೆಚ್ಚು. ಇದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಚಾಪ್ಮನ್ ಬೆಂಗಳೂರಿನವರು. ಜಮ್‌ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಪಳಗಿ, 1993ರಲ್ಲಿ ಈಸ್ಟ್ ಬೆಂಗಾಲ್‌ನ ಕೆಂಪು-ಹಳದಿ ಜೆರ್ಸಿ ತೊಟ್ಟರು. ಅದೇ ಋತುವಿನ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಎದುರಾದದ್ದು ಇರಾಕ್‌ನ ಅಲ್ ಜವ್ರಾ. ಪಶ್ಚಿಮ ಏಷ್ಯಾದ ಕ್ಲಬ್ಬು ಬಂತೆಂದರೆ ಗೋಲು ಎಷ್ಟು ಕಡಿಮೆ ಬಿಟ್ಟುಕೊಡಬಹುದು ಎಂದು ಲೆಕ್ಕ ಹಾಕುತ್ತಿದ್ದ ಕಾಲ ಅದು. ಈಸ್ಟ್ ಬೆಂಗಾಲ್ 6-2ರಿಂದ ಗೆದ್ದಿತು. ಅದರಲ್ಲಿ ಮೂರು ಗೋಲು ಚಾಪ್ಮನ್ ಅವರವು. ಅವರು ಫಾರ್ವರ್ಡ್ ಅಲ್ಲ, ಮಿಡ್‌ಫೀಲ್ಡರ್. ಮುಂದಿನವರಿಗೆ ಚೆಂಡು ಹೊಂದಿಸಿಕೊಡುವುದು ಅವರ ಕಸುಬು. ಅಂಥವರು ಅಂಥ ಎದುರಾಳಿಯ ಮೇಲೆ ಹ್ಯಾಟ್ರಿಕ್ ಹೊಡೆದದ್ದನ್ನು ಆ ಕ್ಲಬ್ಬಿನವರು ಮೂರು ದಶಕಗಳಿಂದ ಹೇಳುತ್ತಲೇ ಬಂದಿದ್ದಾರೆ. ಆ ಪಂದ್ಯ ನಡೆದಾಗ ಹುಟ್ಟಿರದ ಹುಡುಗರೂ ಅದನ್ನು ಕಣ್ಣಾರೆ ಕಂಡವರಂತೆ ಹೇಳುತ್ತಾರೆ.

1995ರಲ್ಲಿ ಅವರು ಪಂಜಾಬಿನ ಜೆಸಿಟಿಗೆ ಹೋದರು. ಐ.ಎಂ. ವಿಜಯನ್, ಭೈಚುಂಗ್ ಭುಟಿಯಾ, ಚಾಪ್ಮನ್ ಒಂದೇ ತಂಡದಲ್ಲಿದ್ದ ದಿನಗಳವು. 1996-97ರಲ್ಲಿ ಶುರುವಾದ ರಾಷ್ಟ್ರೀಯ ಫುಟ್‌ಬಾಲ್ ಲೀಗ್‌ನ ಮೊದಲ ಪ್ರಶಸ್ತಿ ಜೆಸಿಟಿಯ ಪಾಲಾಯಿತು. ಕ್ಲಬ್ ಬಿಟ್ಟುಹೋದವರನ್ನು ಕೋಲ್ಕತ್ತದ ಗ್ಯಾಲರಿ ಸುಲಭಕ್ಕೆ ಕ್ಷಮಿಸುವುದಿಲ್ಲ. ಚಾಪ್ಮನ್ 1998ರಲ್ಲಿ ಮರಳಿದಾಗ ಮಾತ್ರ ಅದು ಕೈಚಾಚಿ ಬರಮಾಡಿಕೊಂಡಿತು. 2000-01ರಲ್ಲಿ ಈಸ್ಟ್ ಬೆಂಗಾಲ್ ಮೊದಲ ಬಾರಿಗೆ ರಾಷ್ಟ್ರೀಯ ಲೀಗ್ ಗೆದ್ದಾಗ ನಾಯಕ ಇದೇ ಚಾಪ್ಮನ್. ಮೈದಾನದಲ್ಲಿ ದಣಿವರಿಯದ ಓಟ, ಹೊರಗೆ ಮೆಲುಮಾತು. ಅದಾದ ಮೇಲೆ ಆಟ ನಿಲ್ಲಿಸಿ ಹುಡುಗರಿಗೆ ಕಲಿಸಲು ನಿಂತರು.

ಆ ಗ್ಯಾಲರಿ ಎಂಥದ್ದು ಎಂದು ತಿಳಿಯದೆ ಈ ಪ್ರೀತಿ ಅರ್ಥವಾಗುವುದಿಲ್ಲ. ಈಸ್ಟ್ ಬೆಂಗಾಲ್ ಹುಟ್ಟಿದ್ದು 1920ರಲ್ಲಿ, ಪೂರ್ವ ಬಂಗಾಳದಿಂದ ಬಂದವರ ಅಭಿಮಾನದ ಮೇಲೆ. ದೇಶ ಒಡೆದಾಗ ಢಾಕಾ, ಬಾರಿಸಾಲ್, ಮೈಮನ್‌ಸಿಂಗ್‌ ಕಡೆಯಿಂದ ಮನೆಮಠ ಬಿಟ್ಟು ಬಂದವರಿಗೆ ಕೋಲ್ಕತ್ತದಲ್ಲಿ ತಮ್ಮದು ಅನ್ನಿಸಿದ್ದು ಈ ಕ್ಲಬ್ಬು. ಗೆದ್ದ ದಿನ ಮನೆಯಲ್ಲಿ ಇಲಿಶ್ ಮೀನಿನ ಅಡುಗೆ. ಸೋತ ದಿನ ಒಲೆ ಹಚ್ಚಲೂ ಮನಸ್ಸಿಲ್ಲ. 1997ರ ಜುಲೈ 13ರಂದು ಈಸ್ಟ್ ಬೆಂಗಾಲ್-ಮೋಹನ್ ಬಾಗಾನ್ ಪಂದ್ಯ ನೋಡಲು ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಸೇರಿದವರು 1,31,000ಕ್ಕೂ ಹೆಚ್ಚು. ಊರು ಕಳೆದುಕೊಂಡ ಈ ಜನ, ಆಟಗಾರ ಯಾವ ಊರಿನವನು ಎಂದು ಕೇಳಲಿಲ್ಲ. ತಮ್ಮ ಜೆರ್ಸಿಗಾಗಿ ಬೆವರು ಸುರಿಸಿದವನು ತಮ್ಮವನು. ಅಷ್ಟೇ.

ಚಾಪ್ಮನ್‌ಗಿಂತ ನಾಲ್ಕು ದಶಕ ಮುಂಚೆಯೇ ಈ ಜನ ಇನ್ನೊಬ್ಬ ಬೆಂಗಳೂರಿಗರನ್ನು ಹೀಗೆ ಎದೆಗೆ ಹಚ್ಚಿಕೊಂಡಿದ್ದರು. ಹೆಸರು ಅಹ್ಮದ್ ಖಾನ್. 1949ರಿಂದ 1959ರವರೆಗೆ ಈಸ್ಟ್ ಬೆಂಗಾಲ್‌ಗೆ ಆಡಿದವರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇಹ್, ಅಹ್ಮದ್ ಖಾನ್ ಈ ಐವರನ್ನೂ ಬಂಗಾಳಿಗಳು 'ಪಂಚ ಪಾಂಡವರು' ಎಂದು ಕರೆದರು. ಐವರೂ ದಕ್ಷಿಣದಿಂದ ಹೋದವರು. ಅವರ ಕಾಲದಲ್ಲಿ ಈಸ್ಟ್ ಬೆಂಗಾಲ್ 1949ರಿಂದ ಸತತ ಮೂರು ಬಾರಿ ಐಎಫ್‌ಎ ಶೀಲ್ಡ್ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದ, 1951ರ ದೆಹಲಿ ಏಷ್ಯನ್ ಕ್ರೀಡಾಕೂಟದ ಚಿನ್ನದ ತಂಡದಲ್ಲಿದ್ದ ಅಹ್ಮದ್ ಖಾನ್, 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ಭಾರತಕ್ಕೆ ಹತ್ತು ಗೋಲು ಹೊಡೆದಾಗ ನಮ್ಮ ಕಡೆಯ ಒಂದೇ ಗೋಲು ಹೊಡೆದವರು. 2017ರ ಆಗಸ್ಟ್‌ನಲ್ಲಿ, 90ರ ವಯಸ್ಸಿನಲ್ಲಿ, ಬೆಂಗಳೂರಿನಲ್ಲೇ ತೀರಿಕೊಂಡರು. ಲಂಡನ್ನಿನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ನಮ್ಮವರೇ. ಮೋಹನ್ ಬಾಗಾನ್‌ಗೆ ಹೋದ ಕೆಂಪಯ್ಯ, ಅರುಮೈನಾಯಗಂ, ಉಲಗನಾಥನ್ ಇದೇ ಊರಿನ ಮೈದಾನಗಳ ಕೂಸುಗಳು.

ಇಷ್ಟೊಂದು ಆಟಗಾರರನ್ನು ಹೆತ್ತ ಊರು ಅವರನ್ನು ಮರೆತದ್ದೇಕೆ? ಜನಕ್ಕೆ ಕ್ರಿಕೆಟ್ ಹುಚ್ಚು ಅನ್ನುವ ಉತ್ತರ ನನಗೆ ಸಾಲದು. ಬಾಂಬೆಯ ಪಾರುಪತ್ಯ ಮುರಿದ 1974ರ ರಣಜಿ ಗೆಲುವನ್ನು, ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್ ಅವರನ್ನು ನಾವು ಮರೆತಿಲ್ಲ. ಕರ್ನಾಟಕ ತಂಡ ಎಂಬುದೊಂದು ವರ್ಷ ವರ್ಷವೂ ಕಣ್ಣೆದುರಿಗಿದೆ, ಅದರ ಜೊತೆ ಹಳೆಯ ಹೆಸರುಗಳೂ ಉಳಿದಿವೆ. ಫುಟ್‌ಬಾಲ್‌ನಲ್ಲಿ ನಮ್ಮ ದೊಡ್ಡ ತಂಡಗಳು ಎಚ್‌ಎಎಲ್, ಐಟಿಐನಂಥ ಕಾರ್ಖಾನೆಗಳವು. ಆಟಗಾರರಿಗೆ ಅವು ನೌಕರಿ ಕೊಟ್ಟವು, ಸಂಸಾರಗಳನ್ನು ಸಾಕಿದವು. ಆ ಋಣ ದೊಡ್ಡದು. ಆದರೆ ಕಾರ್ಖಾನೆಯ ತಂಡಕ್ಕೆ ತಂದೆಯಿಂದ ಮಗಳಿಗೆ ಇಳಿದುಬರುವ ಅಭಿಮಾನಿ ಬಳಗ ಕಟ್ಟಲಾಗಲಿಲ್ಲ. ತಂಡದ ಕಾಲ ಮುಗಿದಾಗ ಅದರ ನೆನಪನ್ನು ಕಾಯುವವರೂ ಇಲ್ಲವಾದರು. ರಾಜ್ಯ ತಂಡಗಳ ಫುಟ್‌ಬಾಲ್ ಟೂರ್ನಿಯಾದ ಸಂತೋಷ್ ಟ್ರೋಫಿಯನ್ನು 1946-47ರಲ್ಲಿ ಬಂಗಾಳವನ್ನೇ ಸೋಲಿಸಿ ಗೆದ್ದ ಮೈಸೂರು ತಂಡದ ಕಥೆಯನ್ನು ಇಂದು ಯಾವ ಮನೆಯಲ್ಲಿ ಹೇಳುತ್ತಾರೆ? 2023ರ ಮಾರ್ಚ್‌ನಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿ 54 ವರ್ಷಗಳ ನಂತರ ಆ ಟ್ರೋಫಿ ಗೆದ್ದದ್ದೇ ಎಷ್ಟೋ ಜನಕ್ಕೆ ತಿಳಿಯಲಿಲ್ಲ.

ನೆನಪು ಉಳಿಸಲು ಸರ್ಕಾರದ ಪ್ರತಿಮೆ, ವೃತ್ತದ ಹೆಸರು ಸಾಲುವುದಿಲ್ಲ ಎಂದೇ ನನ್ನ ನಂಬಿಕೆ. ಅದಕ್ಕೆ ವಾರವಾರವೂ ಮೈದಾನಕ್ಕೆ ಬರುವ ಜನ ಬೇಕು, ಪಕ್ಕದ ಕುರ್ಚಿಯ ಹುಡುಗನಿಗೆ 'ನೀನು ಚಾಪ್ಮನ್ ಆಟ ನೋಡಬೇಕಿತ್ತು' ಎನ್ನುವ ಹಿರಿಯರು ಬೇಕು. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದ ಮೇಲೆ ಕಂಠೀರವ ಕ್ರೀಡಾಂಗಣದಲ್ಲಿ ಅಂಥ ಜನ ಸೇರುತ್ತಿದ್ದಾರೆ. ಪಶ್ಚಿಮದ ಗ್ಯಾಲರಿಯಲ್ಲಿ ನಿಂತು ತೊಂಬತ್ತು ನಿಮಿಷವೂ ಹಾಡುವ ಆ ಯುವಕ ಯುವತಿಯರನ್ನು ಕಂಡರೆ ನನಗೆ ಭರವಸೆ ಮೂಡುತ್ತದೆ. ಸುನಿಲ್ ಛೆಟ್ರಿಯನ್ನು ಅವರು ಮರೆಯುವುದಿಲ್ಲ. ಆದರೆ ಈ ಊರಿನ ಫುಟ್‌ಬಾಲ್ 2013ರಲ್ಲಿ ಶುರುವಾದದ್ದಲ್ಲ ಎಂಬುದನ್ನೂ ಅವರಿಗೆ ಯಾರಾದರೂ ಹೇಳಬೇಕು.

ಹೇಳಬಲ್ಲವರು ಇನ್ನೂ ಇದ್ದಾರೆ. ಆಸ್ಟಿನ್ ಟೌನ್, ಗೌತಮಪುರ, ಹಲಸೂರು, ಮರ್ಫಿ ಟೌನ್‌ಗಳಲ್ಲಿ ಆ ಕಾಲದ ಆಟಗಾರರು, ಅವರ ಜೊತೆ ಆಡಿದವರು, ಅವರ ಆಟ ನೋಡಿ ಬೆಳೆದವರು ವಯಸ್ಸಾಗಿ ಕೂತಿದ್ದಾರೆ. ಕಂಠೀರವದ ಅಭಿಮಾನಿಗಳಲ್ಲಿ ನನ್ನ ವಿನಂತಿ: ನಿಮ್ಮ ಫೋನ್ ಹಿಡಿದು ಆ ಮನೆಗಳಿಗೆ ಹೋಗಿ, ಅವರ ಮಾತನ್ನು ಧ್ವನಿಮುದ್ರಿಸಿಕೊಳ್ಳಿ, ಹಳೆಯ ಫೋಟೋಗಳ ಪ್ರತಿ ತೆಗೆದಿಡಿ. ರಾಜ್ಯ ಫುಟ್‌ಬಾಲ್ ಸಂಸ್ಥೆ ಅಕ್ಟೋಬರ್ 12ರಂದು ಚಾಪ್ಮನ್ ಹೆಸರಿನಲ್ಲಿ ಶಾಲಾ ಮಕ್ಕಳಿಗೊಂದು ಪಂದ್ಯ ಆಡಿಸಲಿ. ಈಸ್ಟ್ ಬೆಂಗಾಲ್‌ನ ಹಳೆಯ ಅಭಿಮಾನಿಗಳನ್ನು ಅದಕ್ಕೆ ಕರೆಯಿರಿ. ನಮ್ಮ ಹುಡುಗನ ಆಟವನ್ನು ನಮಗೆ ವರ್ಣಿಸಿ ಹೇಳಲು ಅವರು ಖಂಡಿತ ಬರುತ್ತಾರೆ.