ಭಾಷಣ ಬರೆದುಕೊಡಬೇಡಿ, ಮಕ್ಕಳ ಮಾತು ಕೇಳಿ



ನನ್ನನ್ನ ನೀವು ಭಾನುವಾರ ನಮ್ಮ ಕನ್ನಡ ಶಾಲೆಯಲ್ಲಿ ನೋಡಿರ್ತೀರಿ. ಕುರ್ಚಿ ಹಾಕೋದು, ಪ್ರೊಜೆಕ್ಟರ್ ಸರಿ ಮಾಡೋದು, ಟೀಚರ್ ಬರದ ದಿನ ಚಿಕ್ಕ ಮಕ್ಕಳಿಗೆ ಕಾಗುಣಿತ ಹೇಳಿಕೊಡೋದು ನನ್ನ ಕೆಲಸ. ವಾರದ ಐದು ದಿನ ಸಾಫ್ಟ್‌ವೇರ್. ಹಾಗಾಗಿ ಭಾಷಣ ಕಲೆಯ ಬಗ್ಗೆ ಬರೆಯೋಕೆ ನನಗೆ ದೊಡ್ಡ ಅರ್ಹತೆ ಏನೂ ಇಲ್ಲ. ಆದರೂ ಒಂದು ವಿಷಯ ಒಂದು ವರ್ಷದಿಂದ ಮನಸ್ಸಿನಲ್ಲಿ ಕೊರೀತಾ ಇದೆ. ಅದನ್ನ ನಿಮ್ಮ ಮುಂದೆ ಇಡ್ತೀನಿ. ಒಪ್ಪಿಗೆ ಆಗದಿದ್ದರೆ ಮುಂದಿನ ಭಾನುವಾರ ಕಾಫಿ ಟೇಬಲ್ ಹತ್ತಿರ ಸಿಗಿ, ಮಾತಾಡೋಣ.

ವಿಷಯ ಇಷ್ಟೇ. ರಾಜ್ಯೋತ್ಸವಕ್ಕೆ, ಯುಗಾದಿಗೆ, ಶಾಲೆಯ ವಾರ್ಷಿಕೋತ್ಸವಕ್ಕೆ ಅಂತ ನಾವು ಪೋಷಕರು ಮಕ್ಕಳಿಗೆ ಭಾಷಣ ಬರೆದುಕೊಡ್ತೀವಲ್ಲ, ಅದನ್ನ ನಿಲ್ಲಿಸಬೇಕು.

ಮೊದಲು ನನ್ನ ತಪ್ಪನ್ನೇ ಹೇಳ್ತೀನಿ. ಎರಡು ವರ್ಷದ ಹಿಂದೆ ನನ್ನ ಮಗನಿಗೆ ಏಳು ವರ್ಷ. ರಾಜ್ಯೋತ್ಸವಕ್ಕೆ ಎರಡು ನಿಮಿಷ ಮಾತಾಡಬೇಕು ಅಂದಾಗ ನಾನು ರಾತ್ರಿ ಕೂತು ಭರ್ಜರಿಯಾಗಿ ಬರೆದೆ. ಭವ್ಯ ಪರಂಪರೆ, ಸುವರ್ಣ ಇತಿಹಾಸ, ಕಂಪು, ಇಂಪು ಎಲ್ಲಾ ಇತ್ತು. ಅವನಿಗೆ ಓದೋಕೆ ಕಷ್ಟ ಅಂತ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಫ್ರಿಜ್ ಮೇಲೆ ಅಂಟಿಸಿದೆ. ಎರಡು ವಾರ ತಿಂಡಿ ತಿನ್ನುವಾಗ, ಸ್ನಾನ ಮಾಡುವಾಗ ಅದೇ ಬಾಯಿಪಾಠ. ವೇದಿಕೆ ಮೇಲೆ ಮೂರನೇ ಸಾಲಿಗೆ ನಿಂತು ಹೋದ. ಮುಂದಿನ ಸಾಲಿನಲ್ಲಿ ಕೂತಿದ್ದ ನಾನು ಸದ್ದಿಲ್ಲದೆ ತುಟಿ ಆಡಿಸಿ ಹೇಳಿಕೊಟ್ಟೆ. ಅವನು ನನ್ನ ತುಟಿ ನೋಡ್ತಾ ಹೇಗೋ ಮುಗಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು, ಫೋಟೋ ತೆಗೆದರು.

ಕಾರಿನಲ್ಲಿ ವಾಪಸ್ ಬರುವಾಗ ಕೇಳಿದ: "ಅಪ್ಪ, ಪರಂಪರೆ ಅಂದ್ರೆ ಏನು?" ನಾನು ಉತ್ತರ ಹೇಳಿ ಮುಗಿಸೋ ಮೊದಲೇ ಇನ್ನೊಂದು ಮಾತು: "ಮುಂದಿನ ಸಲ ನಾನು ಡ್ಯಾನ್ಸ್ ಮಾತ್ರ ಮಾಡ್ತೀನಿ. ಕನ್ನಡ ಮಾತಾಡಲ್ಲ."

ಕನ್ನಡ ಮಾತಾಡಲಿ ಅಂತಲೇ ಭಾನುವಾರದ ನಿದ್ದೆ ಬಿಟ್ಟು ಶಾಲೆಗೆ ಕರ್ಕೊಂಡು ಬರೋದು. ಅದೇ ಶಾಲೆಯ ಕಾರ್ಯಕ್ರಮದಿಂದ, ಅದೂ ನಾನು ಬರೆದುಕೊಟ್ಟ ಭಾಷಣದಿಂದ, ನನ್ನ ಮಗ ಕನ್ನಡದಲ್ಲಿ ಬಾಯಿ ಮುಚ್ಚಿಕೊಳ್ಳೋ ನಿರ್ಧಾರಕ್ಕೆ ಬಂದ.

ನಾನು ಎಲ್ಲಿ ಎಡವಿದೆ ಅಂತ ಗೊತ್ತಾಗಿದ್ದು ಕಳೆದ ಬೇಸಿಗೆಯಲ್ಲಿ. ನನ್ನ ಮಗಳು ಹೈಸ್ಕೂಲಿನ ಕೊನೇ ವರ್ಷಕ್ಕೆ ಕಾಲಿಡುವ ಮೊದಲು ಕಮ್ಯುನಿಟಿ ಕಾಲೇಜಿನ ಒಂದು ಆನ್‌ಲೈನ್ ಕೋರ್ಸ್ ತಗೊಂಡಳು. ಫ್ಲೋರಲ್ ಪಾರ್ಕ್‌ನಲ್ಲಿರೋ ನಮಗೆ ಒಂದು ಕಡೆ ಗಾರ್ಡನ್ ಸಿಟಿಯ ನ್ಯಾಸೋ ಕಮ್ಯುನಿಟಿ ಕಾಲೇಜು, ಇನ್ನೊಂದು ಕಡೆ ಬೇಸೈಡ್‌ನ ಕ್ವೀನ್ಸ್‌ಬರೋ. ಎರಡೂ 1959ರಲ್ಲಿ ಶುರುವಾದವು. ಅವಳ ಕೋರ್ಸಿನ ಹೆಸರು ಸ್ಪೀಚ್ ಕಮ್ಯುನಿಕೇಶನ್, ಅಂದ್ರೆ ಮಾತಿನ ಮೂಲಕ ಸಂವಹನ. ಪುತ್ತೂರಿಂದ ಬಂದಿದ್ದ ನನ್ನ ಅಮ್ಮ ಕೇಳಿ ನಕ್ಕರು: "ಮಾತಾಡ್ಲಿಕ್ಕೂ ಕೋರ್ಸಾ? ಇವಳಿಗೆ ಮಾತು ಕಮ್ಮಿ ಮಾಡುವ ಕೋರ್ಸ್ ಬೇಕು!" ಸುಲಭದ ಮೂರು ಕ್ರೆಡಿಟ್ ಅಂತ ನಾನೂ ಅಂದುಕೊಂಡೆ.

ಆದರೆ ಮೊದಲ ವಾರದ ಪಾಠವನ್ನ ಅವಳ ಭುಜದ ಮೇಲಿಂದ ಇಣುಕಿ ನೋಡಿದಾಗ ನನಗೆ ಆಶ್ಚರ್ಯ ಆಯ್ತು. ಅಲ್ಲಿದ್ದ ಚಿತ್ರ ನನಗೆ ಗೊತ್ತು! ಎಂಜಿನಿಯರಿಂಗ್‌ನಲ್ಲಿ ಓದಿದ್ದೇ. 1948ರಲ್ಲಿ ಬೆಲ್ ಲ್ಯಾಬ್ಸ್‌ನ ಕ್ಲಾಡ್ ಶಾನನ್ ಟೆಲಿಫೋನ್, ಟೆಲಿಗ್ರಾಫ್‌ನಂಥ ವ್ಯವಸ್ಥೆಗಳನ್ನ ವಿವರಿಸೋಕೆ ಬಳಸಿದ ಚಿತ್ರ. ಒಂದು ತುದಿಯಿಂದ ಸಂದೇಶ ಹೊರಡುತ್ತೆ, ದಾರಿಯಲ್ಲಿ ಗದ್ದಲ ಸೇರಿಕೊಳ್ಳುತ್ತೆ, ಇನ್ನೊಂದು ತುದಿಯಲ್ಲಿ ಅದನ್ನ ಬಿಡಿಸಿಕೊಳ್ಳಬೇಕು. ಮನುಷ್ಯರ ಮಾತಿನ ಬಗ್ಗೆ ಯೋಚಿಸಿದವರು ಆಮೇಲೆ ಈ ಚಿತ್ರಕ್ಕೆ ವಾಪಸ್ ಬರುವ ಒಂದು ಬಾಣ ಸೇರಿಸಿದರು. ಅದೇ ಫೀಡ್‌ಬ್ಯಾಕ್. ಕೇಳುವವರ ಮುಖ, ನಗು, ಆಕಳಿಕೆ, ಪ್ರಶ್ನೆ ಎಲ್ಲಾ ಆ ಬಾಣದಲ್ಲಿ ಬರುತ್ತೆ. ಇನ್ನೊಂದು ಮಾತೂ ಅಲ್ಲಿತ್ತು. ಗದ್ದಲ ಅಂದರೆ ಬರೀ ಸದ್ದು ಅಲ್ಲ. ಹಸಿವು ಗದ್ದಲ, ಭಯ ಗದ್ದಲ, ಅರ್ಥವಾಗದ ಪದವೂ ಗದ್ದಲ. ಏಳು ವರ್ಷದ ಹುಡುಗನ ಬಾಯಲ್ಲಿ ನಾನು ಇಟ್ಟ 'ಪರಂಪರೆ' ಅವನ ಪಾಲಿಗೆ ಗದ್ದಲವೇ ಆಗಿತ್ತು.

ಮುಂದಿನ ಪಾಠ ಇನ್ನೂ ನೇರವಾಗಿ ನನಗೇ ತಾಗಿತು. ಭಾಷಣ ಮಾಡೋಕೆ ನಾಲ್ಕು ದಾರಿ ಇದೆಯಂತೆ. ಬರೆದದ್ದನ್ನ ನೋಡಿ ಓದೋದು ಒಂದು. ಬಾಯಿಪಾಠ ಮಾಡಿ ಒಪ್ಪಿಸೋದು ಎರಡು. ತಯಾರಿ ಇಲ್ಲದೆ ತಕ್ಷಣ ಮಾತಾಡೋದು ಮೂರು. ನಮ್ಮ ಕಾಲದ ಶಾಲೆಗಳಲ್ಲಿ ಆಶುಭಾಷಣ ಅಂತಿದ್ದರಲ್ಲ, ಅದು. ನಾಲ್ಕನೆಯದು, ವಿಷಯವನ್ನ ಚೆನ್ನಾಗಿ ತಯಾರಿ ಮಾಡಿಕೊಂಡು, ಚಿಕ್ಕ ಕಾರ್ಡಿನಲ್ಲಿ ನಾಲ್ಕೈದು ಪದ ಮಾತ್ರ ಬರೆದುಕೊಂಡು, ವಾಕ್ಯಗಳನ್ನ ಜನರ ಎದುರೇ ಕಟ್ಟೋದು. ಕೋರ್ಸಿನಲ್ಲಿ ಹೆಚ್ಚು ಅಭ್ಯಾಸ ಮಾಡಿಸಿದ್ದು ಈ ನಾಲ್ಕನೆಯದನ್ನ. ಬಾಯಿಪಾಠದಲ್ಲಿ ಒಂದು ಪದ ಮರೆತರೆ ಇಡೀ ಮಾಲೆ ಬಿಚ್ಚಿ ಹೋಗುತ್ತೆ. ಕಾರ್ಡಿನಲ್ಲಿ ಹಾಗಲ್ಲ. ಒಂದು ಪದ ಸಿಗದಿದ್ದರೆ ಇನ್ನೊಂದು ಪದ ಹಾಕಿ ಮುಂದೆ ಹೋಗಬಹುದು.

ಆನ್‌ಲೈನ್ ಕೋರ್ಸ್ ಅಲ್ವಾ, ರೂಮಿನ ಬಾಗಿಲು ಹಾಕಿಕೊಂಡು ಫೋನ್ ಎದುರು ಮಾತಾಡಿ ಕಳಿಸಿದರೆ ಆಯ್ತು ಅಂದುಕೊಂಡರೆ, ಹಾಗೂ ಇಲ್ಲ. ಇಂಥ ಎಷ್ಟೋ ಕೋರ್ಸುಗಳಲ್ಲಿರೋ ಹಾಗೆ ಅವಳಿಗೂ ಒಂದು ನಿಯಮ ಇತ್ತು: ಕನಿಷ್ಠ ಐದು ಜನ ದೊಡ್ಡವರು ಎದುರಿಗೆ ಕೂತು ಕೇಳಬೇಕು, ಅವರು ವಿಡಿಯೋದಲ್ಲಿ ಕಾಣಬೇಕು. ಆ ವಾಪಸ್ ಬರೋ ಬಾಣಕ್ಕೋಸ್ಕರ. ಸರಿ, ನಾನು, ನನ್ನ ಹೆಂಡತಿ, ಅಮ್ಮ, ಪಕ್ಕದ ಮನೆಯ ದಂಪತಿ ಸೋಫಾದ ಮೇಲೆ ಕೂತೆವು.

ಅವಳು ಆರಿಸಿಕೊಂಡ ವಿಷಯ ನಮ್ಮ ಊರಿಗೆ ಫ್ಲೋರಲ್ ಪಾರ್ಕ್ ಅನ್ನೋ ಹೆಸರು ಹೇಗೆ ಬಂತು ಅಂತ. ಮಕ್ಕಳೇ, ನಿಮಗೆ ಗೊತ್ತಾ? ಜಾನ್ ಲೂಯಿಸ್ ಚೈಲ್ಡ್ಸ್ ಅನ್ನುವವರು 1870ರ ದಶಕದಲ್ಲಿ ಇಲ್ಲಿಗೆ ಬಂದು ಹೂವಿನ ಬೀಜ, ಗಡ್ಡೆ ಮಾರುವ ವ್ಯಾಪಾರ ಶುರು ಮಾಡಿದರು. ಕ್ಯಾಟಲಾಗ್ ಕಳಿಸಿ, ಅಂಚೆಯಲ್ಲಿ ಬೀಜ ಮಾರುತ್ತಿದ್ದರು. ಟ್ಯೂಲಿಪ್ ಅವೆನ್ಯೂ, ಕಾರ್ನೇಶನ್ ಅವೆನ್ಯೂ ಅಂತ ಬೀದಿಗಳಿಗೆ ಹೂವಿನ ಹೆಸರು ಇರೋದು ಸುಮ್ಮನೆ ಅಲ್ಲ. 1908ರಲ್ಲಿ ಇದು ಅಧಿಕೃತವಾಗಿ ವಿಲೇಜ್ ಆಯ್ತು. ಆರು ನಿಮಿಷ, ಇಂಗ್ಲಿಷಿನಲ್ಲಿ, ಚೆನ್ನಾಗೇ ಹೇಳಿದಳು. ಕ್ಯಾಮೆರಾ ಆಫ್ ಮಾಡಿದೆವು.

ಆಗ ಅಮ್ಮ ಕೇಳಿದರು: "ನೀನು ಹೇಳಿದ್ದು ಎಂತದು ಪುಟ್ಟಿ? ನನಗೆ ಒಂದೂ ಗೊತ್ತಾಗ್ಲಿಲ್ಲ."

ಮಗಳು ಅಜ್ಜಿ ಪಕ್ಕ ಬಂದು ಕೂತಳು. "ಅಜ್ಜಿ, ಇಲ್ಲಿ ಮೊದಲು ಒಬ್ರು ಇದ್ರು. ಅವ್ರು ಸೀಡ್... ಸೀಡ್... ಬೀಜ! ಬೀಜ ಮಾರ್ತಿದ್ರು. ಅಂಗಡೀಲಿ ಅಲ್ಲ, ಪೋಸ್ಟಲ್ಲಿ."

"ಪೋಸ್ಟಲ್ಲಿ ಬೀಜವಾ? ಹಾಳಾಗುದಿಲ್ವಾ?"

ಮಗಳು ಒಂದು ಕ್ಷಣ ಯೋಚಿಸಿದಳು. "ಒಣಗಿದ ಬೀಜ ಅಜ್ಜಿ. ಊರಲ್ಲಿ ನೀವು ಅಲಸಂಡೆ ಬೀಜ ಡಬ್ಬದಲ್ಲಿ ಹಾಕಿ ಇಡ್ತೀರಲ್ಲ, ಹಾಗೆ."

ಹತ್ತು ನಿಮಿಷ ಇಬ್ಬರೂ ಬೀಜದ ಮಾತಾಡಿದರು. ವ್ಯಾಕರಣ ತಪ್ಪಿತ್ತು, ನಾಲ್ಕು ಪದಕ್ಕೊಂದು ಇಂಗ್ಲಿಷ್ ಇತ್ತು. ಆದರೆ ಅವಳು ಅಜ್ಜಿಯ ಮುಖ ನೋಡಿ, ಎಲ್ಲಿ ಅರ್ಥ ಆಗಲಿಲ್ಲ ಅಂತ ತಿಳಿದುಕೊಂಡು, ಅಜ್ಜಿಗೆ ಗೊತ್ತಿರೋ ಅಲಸಂಡೆಯನ್ನ ಹುಡುಕಿ ತಂದಳು. ಕೋರ್ಸಿನ ಪುಸ್ತಕದಲ್ಲಿ ಇದಕ್ಕೆ ಕೇಳುಗರನ್ನ ಅರಿತು ಮಾತಾಡುವುದು ಅಂತ ಒಂದು ಅಧ್ಯಾಯವೇ ಇದೆ. ನನ್ನ ಕೇಳಿದರೆ, ಆ ದಿನದ ಒಳ್ಳೇ ಭಾಷಣ ಕ್ಯಾಮೆರಾ ಆಫ್ ಆದ ಮೇಲಿನದೇ.

ಅಮ್ಮನ ಜೊತೆ ಆ ರಾತ್ರಿ ಮಾತಾಡುವಾಗ ತಾಳಮದ್ದಳೆ ನೆನಪಾಯ್ತು. ನಮ್ಮ ಕರಾವಳಿ, ಕಾಸರಗೋಡು ಕಡೆಯವರಿಗೆ ಇದು ಹೊಸದಲ್ಲ. ಯಕ್ಷಗಾನದ್ದೇ ಕತೆ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹಾಡ್ತಾರೆ. ಕೂತಿರುವ ಅರ್ಥಧಾರಿಗಳು ಆ ಪದಕ್ಕೆ ತಮ್ಮದೇ ಮಾತಿನಲ್ಲಿ ಅರ್ಥ ಹೇಳ್ತಾ, ಎದುರಿನ ಪಾತ್ರದ ಜೊತೆ ವಾದ ಮಾಡ್ತಾರೆ. ಪ್ರಸಂಗ ಗೊತ್ತಿರುತ್ತೆ, ಪುರಾಣ ಓದಿರ್ತಾರೆ, ಆದರೆ ಸಂಭಾಷಣೆ ಯಾರೂ ಬರೆದುಕೊಟ್ಟಿರಲ್ಲ. ಎದುರಿನವರು ಏನು ಹೇಳ್ತಾರೆ ಅಂತ ಕಿವಿಗೊಟ್ಟು ಕೇಳದಿದ್ದರೆ ಉತ್ತರವೇ ಹುಟ್ಟಲ್ಲ. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಇದರಲ್ಲಿ ಎಷ್ಟು ದೊಡ್ಡ ಹೆಸರು ಅಂದರೆ, ಅವರ ಅರ್ಥ ಕೇಳೋಕೆ ಅಂತಲೇ ಜನ ರಾತ್ರಿಯಿಡೀ ಕೂರ್ತಿದ್ದರು. ಕೋರ್ಸಿನ ಆ ನಾಲ್ಕನೇ ದಾರಿ ನಮ್ಮ ಊರಿನ ದೇವಸ್ಥಾನದ ಅಂಗಳದಲ್ಲೇ ಇತ್ತು. ನಾನು ಅದನ್ನ ಬಿಟ್ಟು ಮಗನಿಗೆ ಫ್ರಿಜ್ ಮೇಲಿನ ಹಾಳೆ ಕೊಟ್ಟೆ.

ಇದಕ್ಕೆ ನೀವು ಏನು ಹೇಳ್ತೀರಿ ಅಂತ ನನಗೆ ಗೊತ್ತು. "ಬಾಯಿಪಾಠದಲ್ಲಿ ತಪ್ಪೇನು? ನಾವೆಲ್ಲ ಹಾಗೇ ಕಲಿತಿದ್ದು." ತಪ್ಪಿಲ್ಲ. ಮಗ್ಗಿ, ವಚನ, ಪದ್ಯ ಬಾಯಿಗೆ ಬರಲಿ. ಅವು ದೊಡ್ಡವರ ಮಾತು, ಒಂದಕ್ಷರ ಕೆಡದ ಹಾಗೆ ಇಟ್ಟುಕೊಳ್ಳಬೇಕು. ಆದರೆ ಭಾಷಣ ಅಂದರೆ ಮಾತಾಡುವವರ ಸ್ವಂತ ಮಾತು. ಅದನ್ನೂ ನಾವೇ ಬರೆದರೆ ಮಗುವಿಗೆ ಉಳಿಯೋದು ಏನು?

"ಮಕ್ಕಳು ತಪ್ಪು ಕನ್ನಡ ಮಾತಾಡ್ತಾರೆ, ಕಾರ್ಯಕ್ರಮ ಚೆನ್ನಾಗಿ ಕಾಣಲ್ಲ" ಅನ್ನೋರೂ ಇದ್ದಾರೆ. ನಿಜ, ವಿಡಿಯೋದಲ್ಲಿ ಅಷ್ಟು ಚೆನ್ನಾಗಿ ಕಾಣಲ್ಲ. 'ಳ' ಬದಲು 'ಲ' ಬರುತ್ತೆ, 'ಅವನು ಬಂದಳು' ಆಗುತ್ತೆ. ತಿದ್ದೋಣ, ಆದರೆ ಮಾತು ಮುಗಿದ ಮೇಲೆ, ಒಂದೋ ಎರಡೋ. ಮಧ್ಯೆ ತಿದ್ದಬೇಡಿ, ದಯವಿಟ್ಟು ನಗಬೇಡಿ. ಮಗು ತಮಾಷೆ ಮಾಡಿದಾಗ ನಗೋದು ಬೇರೆ, ಉಚ್ಚಾರಣೆಗೆ ನಗೋದು ಬೇರೆ. ಎರಡನೇ ನಗು ಒಂದು ಸಲ ಕಿವಿಗೆ ಬಿದ್ದರೆ ಸಾಕು, ಮಗು ಇಂಗ್ಲಿಷಿಗೆ ಹೋಗಿಬಿಡುತ್ತೆ, ವಾಪಸ್ ಕರೆಯೋದು ಕಷ್ಟ.

ಈಗ ಮಕ್ಕಳೇ, ನಿಮಗೆ. ಮುಂದಿನ ಕಾರ್ಯಕ್ರಮಕ್ಕೆ ಹೀಗೆ ಮಾಡಿ ನೋಡಿ. ನಿಮಗೆ ನಿಜವಾಗಿ ಖುಷಿ ಕೊಟ್ಟ ಅಥವಾ ಸಿಟ್ಟು ಬರಿಸಿದ ಒಂದು ವಿಷಯ ಆರಿಸಿಕೊಳ್ಳಿ. 1912ರಲ್ಲಿ ಡೇಲ್ ಕಾರ್ನೆಗಿ ನಮ್ಮದೇ ನ್ಯೂಯಾರ್ಕಿನ 125ನೇ ಬೀದಿಯ ವೈಎಂಸಿಎಯಲ್ಲಿ ಭಾಷಣದ ತರಗತಿ ಶುರು ಮಾಡಿದಾಗ, ಪಾಠ ಮುಗಿದು ಹೋಗಿ ಏನು ಮಾಡೋದು ಅಂತ ತೋಚದೆ, ನಿಮಗೆ ಸಿಟ್ಟು ತರಿಸಿದ ಸಂಗತಿ ಹೇಳಿ ಅಂದರಂತೆ. ಜನ ಹೆದರಿಕೆ ಮರೆತು ಮಾತಾಡಿದರಂತೆ. ಒಂದು ಕಾರ್ಡಿನಲ್ಲಿ ಐದು ಪದ ಬರೆಯಿರಿ, ಕನ್ನಡ ಅಕ್ಷರದಲ್ಲೇ. ಅಮ್ಮನಿಗೆ ಒಂದು ಸಲ, ಫೋನಿನಲ್ಲಿ ಅಜ್ಜನಿಗೆ ಒಂದು ಸಲ ಹೇಳಿ. ಎರಡು ಸಲವೂ ವಾಕ್ಯ ಬೇರೆ ಬೇರೆ ಆಗುತ್ತೆ, ಆಗಲಿ. ಪದ ಮರೆತರೆ "ಇದಕ್ಕೆ ಏನಂತಾರೆ?" ಅಂತ ಎದುರಿನವರನ್ನೇ ಕೇಳಿ. ಖಂಡಿತ ಯಾರಾದರೂ ಹೇಳ್ತಾರೆ.

ಈ ವರ್ಷದ ಯುಗಾದಿಗೆ ನನ್ನ ಮಗನಿಗೆ ಅವನ ಅಕ್ಕನೇ ಟೀಚರ್. ಪರ್ಡ್ಯೂ ವಿಶ್ವವಿದ್ಯಾಲಯದ ಅಲನ್ ಮನ್ರೋ 1930ರ ದಶಕದಲ್ಲಿ ರೂಪಿಸಿದ ಐದು ಹೆಜ್ಜೆಗಳನ್ನ ತನ್ನ ಕೋರ್ಸಿನಿಂದ ತಂದು ತಮ್ಮನಿಗೆ ಹೇಳಿಕೊಟ್ಟಳು: ಮೊದಲು ಗಮನ ಸೆಳಿ, ಏನು ಕೊರತೆ ಅಂತ ಹೇಳು, ಪರಿಹಾರ ಹೇಳು, ಆ ಪರಿಹಾರ ಬಂದರೆ ಹೇಗಿರುತ್ತೆ ಅಂತ ತೋರಿಸು, ಕೊನೆಗೆ ಅವರು ಏನು ಮಾಡಬೇಕು ಅಂತ ಕೇಳು. ವಿಷಯ, ನಮ್ಮ ಮನೆಗೆ ನಾಯಿ ಯಾಕೆ ಬೇಕು. ಕಾರ್ಡಿನಲ್ಲಿ ಐದು ಪದ. ನಾನು ಬೇಕಂತಲೇ ಹಿಂದಿನ ಸಾಲಿನಲ್ಲಿ ಕೂತೆ. ಹನ್ನೊಂದು ವಾಕ್ಯ ಹೇಳಿದ, ಮೂರು ಇಂಗ್ಲಿಷಿನವು. ಮುಗಿದ ಮೇಲೆ ಒಬ್ಬ ಅಂಕಲ್ ಎದ್ದು ಕೇಳಿದರು: "ಸ್ನೋ ಬಿದ್ದಾಗ ನಾಯೀನ ಹೊರಗೆ ಯಾರಪ್ಪ ಕರ್ಕೊಂಡು ಹೋಗೋದು?" ಇವನು ಒಂದು ಕ್ಷಣವೂ ಯೋಚಿಸದೆ ಹೇಳಿದ: "ಅಪ್ಪ!" ಇಡೀ ಹಾಲ್ ನಕ್ಕಿತು. ಅವನೂ ನಕ್ಕ.

ನಾಯಿ ಇನ್ನೂ ಬಂದಿಲ್ಲ. ಆದರೆ ರಾಜ್ಯೋತ್ಸವಕ್ಕೆ ಏನು ಮಾತಾಡಲಿ ಅಂತ ಈಗಲೇ ಕೇಳ್ತಿದ್ದಾನೆ. ಈ ಸಲ ನಾನು ಬರೆದುಕೊಡಲ್ಲ. ನೀವೂ ಬರೆದುಕೊಡಬೇಡಿ. ಬಂದು ಕೂತು ಕೇಳಿ, ಸಾಕು.